ಅಪ್ಪನ ತೂಕ, ನನ್ನ ಸಕ್ಕರೆ

ನಮ್ಮ ಮನೆಯಲ್ಲಿ ಬೆಳಗಾಗುವುದು ತೂಕದ ಯಂತ್ರದ ಮೇಲೆ. ಬೆಳಗಿನ ಜಾವ ಐದಕ್ಕೆ ಅಪ್ಪ ಗೋಡೆ ಹಿಡಿದುಕೊಂಡು ಅದರ ಮೇಲೆ ನಿಲ್ಲುತ್ತಾನೆ. ನಾನು ಕುಕ್ಕರಗಾಲಲ್ಲಿ ಕೂತು, ಮೊಬೈಲ್ ಟಾರ್ಚ್ ಬಿಟ್ಟು ಸಂಖ್ಯೆ ಓದುತ್ತೇನೆ. ಆಮೇಲೆ ನನ್ನ ಸರದಿ. ಬೆರಳ ತುದಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ಪಟ್ಟಿಗೆ ಮುಟ್ಟಿಸಿ, ಗ್ಲುಕೋಮೀಟರ್ ಐದರಿಂದ ಒಂದರವರೆಗೆ ಎಣಿಸುವುದನ್ನು ಕಾಯುತ್ತೇನೆ. ಈ ಸಲ ಬಗ್ಗಿ ನೋಡುವವನು ಅಪ್ಪ. ಅವನದು 61.8 ಕೆ.ಜಿ., ನನ್ನದು 164. ಎರಡನ್ನೂ ಒಂದೇ ನೋಟ್‌ಬುಕ್ಕಿನಲ್ಲಿ ಬರೆದ ಮೇಲೆಯೇ ಅಮ್ಮ ಒಲೆ ಹಚ್ಚುವುದು.

ಆ ನೋಟ್‌ಬುಕ್ಕು ಮನೆಗೆ ಬಂದು ಇನ್ನೂ ಒಂದು ವರ್ಷವಾಗಿಲ್ಲ. ಅದಕ್ಕೆ ಮುಂಚೆ ಅಪ್ಪ, ಮಗಳು ಇಬ್ಬರೂ ಸುಳ್ಳುಗಾರರಾಗಿದ್ದೆವು.

ಊರು ಜಾವಗಲ್ ಎಂದರೆ ಕಾಲೇಜಿನಲ್ಲಿ ಎಲ್ಲರ ಮೊದಲ ಮಾತು, 'ಓ, ಶ್ರೀನಾಥ್ ಊರಾ?' ಹೌದು, ಅದೇ. ಅರಸೀಕೆರೆ ತಾಲ್ಲೂಕು, ಹಳೇಬೀಡಿನ ಕಡೆಯ ದಾರಿ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನವಿದೆ, ಎಲ್ಲ ಜಾತಿ ಧರ್ಮದವರೂ ಹರಕೆ ಹೊತ್ತು ಬರುವ ದರ್ಗಾ ಇದೆ, ಸುತ್ತ ಎತ್ತ ನೋಡಿದರೂ ತೆಂಗು. ನಮ್ಮದೂ ಒಂದೂವರೆ ಎಕರೆ ತೋಟ. ಅಪ್ಪ ತೋಟದ ಜೊತೆ ಸಣ್ಣದಾಗಿ ಕೊಬ್ಬರಿ ವ್ಯಾಪಾರ ಮಾಡಿಕೊಂಡಿದ್ದ. ಅಮ್ಮ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ನಾನು ಹಾಸನದ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್ ಓದುತ್ತಿದ್ದೇನೆ, ಈಗ ಆರನೇ ಸೆಮಿಸ್ಟರ್. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ.

ನಮ್ಮ ಮನೆಗೆ ಸಕ್ಕರೆ ಕಾಯಿಲೆ ಎರಡು ಸಲ ಬಂತು. ಮೊದಲು ಅಪ್ಪನಿಗೆ. ಅದು ನಮ್ಮಲ್ಲಿ ಮನೆಗೊಬ್ಬರಿಗೆ ಇರುವ ಟೈಪ್ 2, ಮಾತ್ರೆಯಲ್ಲಿ ನಡೆಯುವಂಥದ್ದು. ಎರಡನೆಯದು ನಾನು ಆರನೇ ತರಗತಿಯಲ್ಲಿದ್ದಾಗ ನನಗೆ. ಎರಡು ವಾರ ಎಷ್ಟು ನೀರು ಕುಡಿದರೂ ದಾಹ ಹೋಗುತ್ತಿರಲಿಲ್ಲ. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಿದ್ದೆ. ಯೂನಿಫಾರ್ಮಿನ ಲಂಗ ಸೊಂಟದಿಂದ ಜಾರತೊಡಗಿತು. ಹೊಟ್ಟೆಹುಳ ಅಂದರು, ದೃಷ್ಟಿ ಅಂದರು. ಕೊನೆಗೆ ವಾಂತಿ ಶುರುವಾಗಿ, ಉಸಿರು ಮೇಲಕ್ಕೆ ಹತ್ತಿ, ಅರೆಪ್ರಜ್ಞೆಯಲ್ಲಿ ಹಾಸನಕ್ಕೆ ಹೊತ್ತುಕೊಂಡು ಹೋದಾಗ ಸಕ್ಕರೆ 500 ದಾಟಿತ್ತು. ಟೈಪ್ 1. ಮೈಯ ರೋಗನಿರೋಧಕ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳನ್ನು ವೈರಿಗಳೆಂದು ತಿಳಿದು ಕೊಂದುಹಾಕುವ ಕಾಯಿಲೆ. ಸಿಹಿ ಹೆಚ್ಚು ತಿಂದದ್ದಕ್ಕೆ ಬರುವುದಲ್ಲ, ಪಥ್ಯ ಮಾಡಿದರೆ ಹೋಗುವುದೂ ಅಲ್ಲ. ಇನ್ಸುಲಿನ್ ಹೊರಗಿನಿಂದ ಕೊಡಲೇಬೇಕು, ದಿನಕ್ಕೆ ನಾಲ್ಕು ಸಲ, ಬದುಕಿರುವಷ್ಟು ದಿನ. ಟೊರಾಂಟೊದಲ್ಲಿ 1922ರ ಜನವರಿಯಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಇನ್ಸುಲಿನ್ ಚುಚ್ಚುವ ತನಕ ನನ್ನಂಥ ಮಕ್ಕಳು ಸಾಯುತ್ತಿದ್ದರು, ಅಷ್ಟೇ.

ಆಸ್ಪತ್ರೆಯ ಮಂಚದ ಮೇಲೆ ಅಳುತ್ತಿದ್ದ ನನಗೆ ಅಪ್ಪ ಹೇಳಿದ್ದು ಕ್ರಿಕೆಟ್ ಕಥೆ. 1999ರಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ಪಾಕಿಸ್ತಾನದ ವಿರುದ್ಧ ನಮ್ಮ ಶ್ರೀನಾಥ್ ಒಂದೇ ಟೆಸ್ಟ್‌ನಲ್ಲಿ 13 ವಿಕೆಟ್ ತೆಗೆದದ್ದು, ಆದರೂ ಭಾರತ ಸೋತದ್ದು. 'ಆ ಕಡೆ ಕ್ಯಾಪ್ಟನ್ ಯಾರು ಗೊತ್ತಾ? ವಾಸಿಂ ಅಕ್ರಂ. ಅವನಿಗೂ ನಿನ್ನಂಗೇ ಇನ್ಸುಲಿನ್ ಮಗಾ. ಚುಚ್ಕೊಂಡು ಬಂದು ಬೌಲಿಂಗ್ ಹಾಕೋನು.' ಅಕ್ರಂಗೆ ಮಧುಮೇಹ ಪತ್ತೆಯಾದದ್ದು 1997ರಲ್ಲಿ ಎಂದು ನಾನು ಆಮೇಲೆ ಓದಿ ತಿಳಿದೆ. ಊರು ಒಂದು ಟೀಮಿನಲ್ಲಿ, ಕಾಯಿಲೆ ಇನ್ನೊಂದು ಟೀಮಿನಲ್ಲಿ. ಯಾರಿಗೆ ಚಪ್ಪಾಳೆ ತಟ್ಟಬೇಕೋ ಆ ವಯಸ್ಸಿನಲ್ಲಿ ಗೊತ್ತಾಗಲಿಲ್ಲ.

ಮನೆಗೆ ಬಂದ ಮೇಲೆ ಅಪ್ಪ ಚುಚ್ಚುವುದನ್ನು ಕಲಿತದ್ದು ನಿಂಬೆಹಣ್ಣಿನ ಮೇಲೆ. ಆಮೇಲೆ ಖಾಲಿ ಸೂಜಿಯನ್ನು ತನ್ನ ಹೊಟ್ಟೆಗೇ ಚುಚ್ಚಿಕೊಂಡು ನೋಡಿ, 'ಇರುವೆ ಕಚ್ಚಿದಂಗೆ ಅಷ್ಟೇ' ಅಂದ. ರಾತ್ರಿ ಎರಡಕ್ಕೆ ಅಲಾರಂ ಇಟ್ಟು ಎದ್ದು, ನಿದ್ದೆಯಲ್ಲಿರುವಾಗಲೇ ನನ್ನ ಬೆರಳು ಹಿಡಿದು ಸಕ್ಕರೆ ನೋಡುತ್ತಿದ್ದ. ಬೇಸಿಗೆಯಲ್ಲಿ ಕರೆಂಟು ಹೋದರೆ ಮಡಕೆಯೊಳಗೆ ಮಡಕೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ, ಅದರಲ್ಲಿ ಇನ್ಸುಲಿನ್ ಬಾಟಲಿ ಕಾಪಾಡುತ್ತಿದ್ದ. ನನ್ನ ಒಂದೇ ಒಂದು ಡೋಸು ತಪ್ಪಲು ಬಿಟ್ಟವನಲ್ಲ.

ತನ್ನದನ್ನು ಮಾತ್ರ ಬಿಟ್ಟ. ಒಂದು ತಿಂಗಳ ಮಾತ್ರೆಯನ್ನು ಎರಡು ತಿಂಗಳು ನುಂಗುತ್ತಿದ್ದ. 'ತಲೆ ಸುತ್ತಲ್ಲ, ಏನೂ ಆಗಲ್ಲ' ಎಂದು ಬಿ.ಪಿ. ಮಾತ್ರೆಯನ್ನು ಪೂರ್ತಿ ನಿಲ್ಲಿಸಿದ್ದ. ನನ್ನ ಟೆಸ್ಟ್ ಪಟ್ಟಿಗಳ ಖರ್ಚು ಅವನ ಮಾತ್ರೆಯ ಖರ್ಚನ್ನು ತಿಂದುಹಾಕುತ್ತಿತ್ತು ಎಂಬ ಲೆಕ್ಕ ನನಗೆ ತಿಳಿಯುವ ಹೊತ್ತಿಗೆ ತಡವಾಗಿತ್ತು. ನಾನು ಬಿ.ಇ. ಮೊದಲ ವರ್ಷ ಮುಗಿಸುವಾಗ ಅವನ ಕಾಲು ಬಾತುಕೊಂಡವು, ಮುಖ ಊದಿತು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಕ್ರಿಯಾಟಿನಿನ್ 9.6. ಎರಡೂ ಮೂತ್ರಪಿಂಡಗಳು ಕೈಬಿಟ್ಟಿವೆ ಎಂದರು ಡಾಕ್ಟರು. ಕಾರಣ ಕೇಳಿದರೆ, ವರ್ಷಗಟ್ಟಲೆ ಹತೋಟಿಯಲ್ಲಿಲ್ಲದ ಸಕ್ಕರೆ ಮತ್ತು ಬಿ.ಪಿ. ಜಗತ್ತಿನಲ್ಲಿ ಮೂತ್ರಪಿಂಡ ಸೋಲುವುದಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ಮಧುಮೇಹವೇ. ಇದನ್ನು ಕೇಳುವಾಗ ನಾನು ಅಪ್ಪನ ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ನನ್ನ ಬ್ಯಾಗಿನಲ್ಲಿ ನನ್ನ ಇನ್ಸುಲಿನ್ ಪೆನ್ನಿತ್ತು.

ವಾರಕ್ಕೆ ಮೂರು ದಿನ ಡಯಾಲಿಸಿಸ್: ಮಂಗಳವಾರ, ಗುರುವಾರ, ಶನಿವಾರ. ಅರಸೀಕೆರೆಯಲ್ಲಿ ಬೆಳಗಿನ ಮೊದಲ ಪಾಳಿ. ಸರ್ಕಾರಿ ಘಟಕವಾದ್ದರಿಂದ ಯಂತ್ರಕ್ಕೆ ದುಡ್ಡಿಲ್ಲ. ಇಲ್ಲದಿದ್ದರೆ ತೋಟ ಮೊದಲ ವರ್ಷವೇ ಹೋಗುತ್ತಿತ್ತು. ಬಸ್ಸಿನಲ್ಲಿ ಶಕ್ತಿ ಯೋಜನೆಯ ಶೂನ್ಯ ದರದ ಚೀಟಿ ನನಗೆ, ದುಡ್ಡಿನ ಟಿಕೆಟ್ ಅಪ್ಪನಿಗೆ. 'ರೋಗಿ ನಾನು, ಪುಕ್ಕಟೆ ನಿಂಗೆ' ಎಂದು ಕಂಡಕ್ಟರ್ ಮುಂದೆಯೇ ರೇಗಿಸುತ್ತಾನೆ.

ಎಂಜಿನಿಯರಿಂಗ್ ಓದುವವಳಿಗೆ ಆ ಯಂತ್ರ ನೋಡುತ್ತಾ ಕೂರುವುದೇ ಒಂದು ಪಾಠ. ಅಪ್ಪನ ಎಡಗೈಯಲ್ಲಿ ಅಪಧಮನಿಯನ್ನೂ ಅಭಿಧಮನಿಯನ್ನೂ ಶಸ್ತ್ರಕ್ರಿಯೆಯಿಂದ ಜೋಡಿಸಿದ್ದಾರೆ. ಅದಕ್ಕೆ ಫಿಸ್ಟುಲಾ ಎನ್ನುತ್ತಾರೆ. ಅದರ ಮೇಲೆ ಬೆರಳಿಟ್ಟರೆ ಮಡಿಲಲ್ಲಿ ಮಲಗಿದ ಬೆಕ್ಕು ಗುರುಗುಟ್ಟಿದ ಹಾಗೆ ಅದುರುತ್ತದೆ. ಆ ಅದುರು ನಿಂತರೆ ತಕ್ಷಣ ಆಸ್ಪತ್ರೆಗೆ ಓಡಬೇಕು. ಆ ಕೈಯಲ್ಲಿ ಬಿ.ಪಿ. ನೋಡುವಂತಿಲ್ಲ, ಭಾರ ಎತ್ತುವಂತಿಲ್ಲ, ಅದರ ಮೇಲೆ ತಲೆಯಿಟ್ಟು ಮಲಗುವಂತಿಲ್ಲ. ಎರಡು ದಪ್ಪ ಸೂಜಿ: ಒಂದರಿಂದ ರಕ್ತ ಹೊರಗೆ, ಇನ್ನೊಂದರಿಂದ ಒಳಗೆ. ನಡುವೆ ಕೂದಲೆಳೆಯಂಥ ಸಾವಿರಾರು ಟೊಳ್ಳು ನಾಳಗಳ ಕೊಳವೆ. ನಾಳದ ಒಳಗೆ ರಕ್ತ, ಹೊರಗೆ ಎದುರು ದಿಕ್ಕಿನಲ್ಲಿ ಹರಿಯುವ ದ್ರಾವಣ. ನಿಮಿಷಕ್ಕೆ ಅರ್ಧ ಲೀಟರಿನಂತೆ ನಾಲ್ಕು ಗಂಟೆಗೆ 120 ಲೀಟರ್ ದ್ರಾವಣ ಬೇಕು. ಮುಷ್ಟಿಯಷ್ಟಿರುವ ಎರಡು ಅಂಗ ಸದ್ದಿಲ್ಲದೆ ಮಾಡುತ್ತಿದ್ದ ಕೆಲಸಕ್ಕೆ ಬೀರುವಿನಷ್ಟು ಯಂತ್ರ ಬೇಕು. ಅದೂ ಅರ್ಧಂಬರ್ಧ ಮಾಡುತ್ತದೆ.

ನಾಲ್ಕನೇ ಸೆಮಿಸ್ಟರಿನಲ್ಲಿ ಕಂಟ್ರೋಲ್ ಸಿಸ್ಟಮ್ಸ್ ಓದುವಾಗ ನನಗೆ ನಗು ಬಂದಿತ್ತು. ನಿಮ್ಮೆಲ್ಲರ ಹೊಟ್ಟೆಯಲ್ಲೂ ಒಂದು ಕ್ಲೋಸ್ಡ್ ಲೂಪ್ ಇದೆ. ಸಕ್ಕರೆ ಏರಿದರೆ ಇನ್ಸುಲಿನ್ ತಾನೇ ಬರುತ್ತದೆ, ಇಳಿದರೆ ತಾನೇ ನಿಲ್ಲುತ್ತದೆ. ನನ್ನದು ಓಪನ್ ಲೂಪ್. ಸೆನ್ಸರೂ ನಾನೇ, ಕಂಟ್ರೋಲರೂ ನಾನೇ. ಕಂಟ್ರೋಲರ್ ನಿದ್ದೆಗೆಟ್ಟರೆ ಸಿಸ್ಟಮ್ ಹಳಿ ತಪ್ಪುತ್ತದೆ.

ಅಡುಗೆಮನೆಯ ಕಥೆ ಬೇರೆಯೇ. ಮೂತ್ರ ಹೋಗದವರಿಗೆ ಪೊಟ್ಯಾಸಿಯಂ ವಿಷ. ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಬಾಳೆಹಣ್ಣು ಬೇಡ, ತರಕಾರಿಯನ್ನು ಹೆಚ್ಚಿ ಬೇಯಿಸಿ ನೀರು ಬಸಿದು ಚೆಲ್ಲಬೇಕು, ಎಳನೀರಂತೂ ಕೂಡದು. ಅರಸೀಕೆರೆ ಸೀಮೆಯ ತೋಟಗಾರನಿಗೆ ಎಳನೀರು ಕೂಡದು ಎಂದರೆ ಹೇಗೆ ಹೇಳಿ! ನೋಡಲು ಬಂದವರೆಲ್ಲ ಕೈಯಲ್ಲಿ ಎರಡು ಎಳನೀರು ಹಿಡಿದೇ ಬರುತ್ತಾರೆ. 'ತಂಪು, ಕುಡೀರಿ, ಕಿಡ್ನಿಗೆ ಒಳ್ಳೇದು.' ಒಳ್ಳೆಯದೇ ಇರಬಹುದು, ಕಿಡ್ನಿ ಇದ್ದವರಿಗೆ. ಇಡೀ ದಿನಕ್ಕೆ ಕುಡಿಯಲು ಒಂದೇ ಲೀಟರ್, ಕಾಫಿ, ಸಾರು, ಮಜ್ಜಿಗೆ ಎಲ್ಲ ಸೇರಿ. ಬೆಳಿಗ್ಗೆ ಸ್ಟೀಲ್ ಬಾಟಲಿಗೆ ಒಂದು ಲೀಟರ್ ನೀರು ತುಂಬಿಡುತ್ತೇವೆ. ಒಂದು ಲೋಟ ಕಾಫಿ ಕುಡಿದರೆ ಬಾಟಲಿಯಿಂದ ಒಂದು ಲೋಟ ನೀರನ್ನು ಗಿಡಕ್ಕೆ ಹಾಕಬೇಕು. ಉಳಿದದ್ದು ಮಾತ್ರ ಅವನದು. ಹೆಚ್ಚು ಕುಡಿದರೆ ಮರುದಿನ ತೂಕದಲ್ಲಿ ಗೊತ್ತಾಗುತ್ತದೆ. ನೀರು ಹೊರಗೆ ಹೋಗಲು ದಾರಿಯಿಲ್ಲ, ಅದು ಮೈಯಲ್ಲೇ ನಿಂತು ಶ್ವಾಸಕೋಶಕ್ಕೆ ಏರುತ್ತದೆ.

ಅಪ್ಪ ಕದ್ದು ಕುಡಿಯುತ್ತಿದ್ದ. ಹಿತ್ತಲಿನ ನಲ್ಲಿಯಲ್ಲಿ ಮುಖ ತೊಳೆಯುವ ನೆಪದಲ್ಲಿ, ತೋಟದ ಪೈಪಿನಲ್ಲಿ. ಡಯಾಲಿಸಿಸ್‌ಗೆ ಹೋದಾಗ ನಾಲ್ಕು ಕೆ.ಜಿ. ಹೆಚ್ಚು ತೋರಿಸಿದರೆ, 'ಆ ಯಂತ್ರವೇ ಸರಿಯಿಲ್ಲ' ಎನ್ನುತ್ತಿದ್ದ.

ಅವನನ್ನು ಬೈಯುತ್ತಿದ್ದ ನಾನು ಏನು ಮಾಡುತ್ತಿದ್ದೆ? ಪಟ್ಟಿ ಉಳಿಸಲೆಂದು ದಿನಕ್ಕೆ ನಾಲ್ಕು ಸಲ ನೋಡಬೇಕಾದ ಸಕ್ಕರೆಯನ್ನು ಒಂದು ಸಲಕ್ಕೆ ಇಳಿಸಿದ್ದೆ. ಆಮೇಲೆ ಎರಡು ದಿನಕ್ಕೊಮ್ಮೆ. ನೋಡದಿದ್ದರೂ ಬರೆಯಬೇಕಲ್ಲ? ಡಾಕ್ಟರ ಬಳಿ ಹೋಗುವ ಹಿಂದಿನ ರಾತ್ರಿ ಕೂತು ಮೂರು ತಿಂಗಳ ಲೆಕ್ಕವನ್ನು ಒಂದೇ ಉಸಿರಿಗೆ ಬರೆದೆ: 112, 138, 96, 127. ನಿಜವೆನಿಸಲಿ ಎಂದು ನಡುವೆ ಎರಡು ಕಡೆ 210 ಹಾಕಿದೆ, ಪೆನ್ನಿನ ಬಣ್ಣ ಕೂಡ ಬದಲಿಸಿದೆ! ಲ್ಯಾಬ್ ರೆಕಾರ್ಡಿಗೆ ರೀಡಿಂಗ್ ಹೊಂದಿಸಿ ಬರೆದವರಿಗೆ ಈ ಕಲೆ ಹೊಸದಲ್ಲ ಬಿಡಿ. ಆದರೆ ಎಚ್‌ಬಿಎ1ಸಿ ಎಂಬ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ರಕ್ತದಿಂದಲೇ ಓದುತ್ತದೆ. ಏಳರ ಆಸುಪಾಸಿನಲ್ಲಿರಬೇಕಾದದ್ದು 10.4 ಇತ್ತು. ಡಾಕ್ಟರು ನನ್ನ ಪುಸ್ತಕವನ್ನೂ ವರದಿಯನ್ನೂ ಪಕ್ಕಪಕ್ಕ ಇಟ್ಟು ನನ್ನ ಮುಖ ನೋಡಿದರು. ನಾನು 'ಅಪ್ಪನ ಓಡಾಟ ಸರ್' ಅಂದೆ. ಆ ಮಾತಿಗೆ ಯಾರೂ ಎದುರಾಡುವುದಿಲ್ಲ ಎಂದು ನನಗೆ ಗೊತ್ತಿತ್ತು.

ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿರುವುದು ಇದಕ್ಕಾಗಿಯೇ. ಅಪ್ಪನ ಸೇವೆ ಮಾಡುವ ಮಗಳು ಎಂದು ಊರೆಲ್ಲ ಹೊಗಳುತ್ತಿತ್ತು. ಆ ಹೊಗಳಿಕೆಯ ಹಿಂದೆ ಅಡಗಿ ಕೂರುವುದು ಎಷ್ಟು ಸಲೀಸಾಗಿತ್ತೆಂದರೆ, ನನ್ನ ಕಾಯಿಲೆಯನ್ನು ಮರೆಯಲು ನನಗೊಂದು ಗೌರವದ ಕಾರಣವೇ ಸಿಕ್ಕಿತ್ತು. ಕಾಲೇಜಿನಲ್ಲಿ ಒಬ್ಬರಿಗೂ ಹೇಳಿರಲಿಲ್ಲ. ಊಟಕ್ಕೆ ಮುಂಚೆ ಶೌಚಾಲಯದ ಬಾಗಿಲು ಹಾಕಿಕೊಂಡು ಚುಚ್ಚಿಕೊಳ್ಳುತ್ತಿದ್ದೆ. ಗೊತ್ತಾದರೆ ಪ್ಲೇಸ್‌ಮೆಂಟಿಗೆ ತೊಂದರೆ, ಮುಂದೆ ಮದುವೆಗೆ ತೊಂದರೆ ಎಂದು ಅಜ್ಜಿ ಮೊದಲಿನಿಂದ ಕಿವಿಯಲ್ಲಿ ತುಂಬಿದ್ದಳು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವರ್ಗಗಳಲ್ಲಿ ಟೈಪ್ 1 ಮಧುಮೇಹ ಇಲ್ಲ. ಹೇಳಿಕೊಂಡರೆ ಸಿಗುವ ಸವಲತ್ತಂತೂ ಇಲ್ಲ, ಹಾಗಾದರೆ ಯಾಕೆ ಹೇಳಬೇಕು ಎಂಬುದು ನನ್ನ ವಾದ.

ಅದು ಐದನೇ ಸೆಮಿಸ್ಟರಿನ ಒಂದು ಗುರುವಾರ. ಮಧ್ಯಾಹ್ನ ಹಾಸನದಲ್ಲಿ ಇಂಟರ್ನಲ್ಸ್ ಇತ್ತು. ಅಪ್ಪನ ಡಯಾಲಿಸಿಸ್ ಮುಗಿದ ಮೇಲೆ ಅವನನ್ನು ಜಾವಗಲ್ ಬಸ್ಸು ಹತ್ತಿಸಿ, ನಾನು ಹಾಸನದ ಬಸ್ಸು ಹಿಡಿಯುವುದು ಎಂದಿನ ಲೆಕ್ಕ. ಬೆಳಿಗ್ಗೆ ಮನೆಯಲ್ಲೇ ಇನ್ಸುಲಿನ್ ತೆಗೆದುಕೊಂಡೆ, ಚಪಾತಿಯನ್ನು ಬಸ್ಸಿನಲ್ಲಿ ತಿಂದರಾಯಿತು ಎಂದು. ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ. ಆಸ್ಪತ್ರೆಯಲ್ಲಿ ಅಪ್ಪನಿಗೆ ಸೂಜಿ ಹಾಕುವುದನ್ನು ನೋಡುತ್ತಾ, ಆಮೇಲೆ ನೋಟ್ಸ್ ತೆರೆದು ಕೂತು ಮರೆತೇಬಿಟ್ಟೆ.

ಅಕ್ಷರಗಳು ಈಜತೊಡಗಿದವು. ಒಂದೇ ಸಾಲನ್ನು ಐದು ಸಲ ಓದಿದೆ. ತುಟಿ ಮರಗಟ್ಟಿತು. ಅಪ್ಪ ಮಲಗಿದ್ದಲ್ಲಿಂದಲೇ, 'ಬೆವರ್ತಾ ಇದೀಯ, ಸಕ್ಕರೆ ಹಾಕ್ಕೋ ಬಾಯಿಗೆ' ಅಂದ. 'ಸುಮ್ನಿರಪ್ಪ, ಓದ್ತಿದೀನಿ' ಎಂದು ಸಿಡುಕಿದೆ. ಸಕ್ಕರೆ ಇಳಿದಾಗ ಮೊದಲು ಕೈಕೊಡುವುದು ಬುದ್ಧಿ. ತನಗೇನೂ ಆಗಿಲ್ಲ ಎಂದು ರೋಗಿಯೇ ಜಗಳ ಆಡುತ್ತಾನೆ. ಅಷ್ಟೇ ನನಗೆ ನೆನಪು. ಸ್ಟೂಲಿನಿಂದ ಕೆಳಗೆ ಬಿದ್ದೆನಂತೆ.

ಮುಂದಿನದು ಪಕ್ಕದ ಹಾಸಿಗೆಯವರ ಹೆಂಡತಿ ಹೇಳಿದ್ದು. ಅಪ್ಪ ಏಳಲು ಹೋದ. ಎರಡು ಸೂಜಿ ಕೈಯಲ್ಲಿ, ಮೈಯ ರಕ್ತ ಯಂತ್ರದೊಳಗೆ. ಕೈ ಮಡಚಿದ ಕೂಡಲೇ ಒತ್ತಡ ಏರಿ ಅಲಾರಂ ಕೂಗಿತು. ಅಲಾರಂ ಎಲ್ಲಿ ಕೂಗಿತೋ ಅಲ್ಲಿಗೆ ತಾನೆ ತಂತ್ರಜ್ಞ ಓಡಿಬರುವುದು? ಅವರು ಅಪ್ಪನ ಕೈ ಹಿಡಿದು ಮಲಗಿಸುತ್ತಿದ್ದರೆ ಅಪ್ಪ, 'ನನಗಲ್ಲ, ಅವಳಿಗೆ! ಅವಳಿಗೆ! ಸಕ್ಕರೆ ಕಾಯಿಲೆ ಅವಳಿಗೆ!' ಎಂದು ಕಿರುಚುತ್ತಿದ್ದನಂತೆ. ನನಗೂ ಕಾಯಿಲೆಯಿದೆ ಎಂದು ಆ ವಾರ್ಡಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಂದು ವರ್ಷದಿಂದ ವಾರಕ್ಕೆ ಮೂರು ದಿನ ಅದೇ ಸ್ಟೂಲಿನ ಮೇಲೆ ಕೂತಿದ್ದೆ, ಎಲ್ಲರಿಗೂ ನಾನು ರೋಗಿಯ ಕಡೆಯವಳು ಮಾತ್ರ.

ಸಕ್ಕರೆ 38 ಇತ್ತು. ನರ್ಸ್ ರಕ್ತನಾಳಕ್ಕೆ ಗ್ಲುಕೋಸ್ ಕೊಟ್ಟರು. ಕಣ್ಣು ಬಿಟ್ಟಾಗ ಪಕ್ಕದ ಖಾಲಿ ಹಾಸಿಗೆಯಲ್ಲಿದ್ದೆ, ಅಪ್ಪ ಅವನ ಹಾಸಿಗೆಯಲ್ಲಿ. ನಡುವೆ ಒಂದು ಮಾರು ಜಾಗ. ಯಂತ್ರ ಮತ್ತೆ ತಿರುಗುತ್ತಿತ್ತು. ಉಳಿದ ಎರಡು ಗಂಟೆ ಅವನು ನನ್ನ ಕಡೆ ನೋಡಲೇ ಇಲ್ಲ. ಇಂಟರ್ನಲ್ಸ್ ಹೋಯಿತು. ಬಸ್ಸಿನಲ್ಲಿ ಬಾಣಾವರ ದಾಟಿದ ಮೇಲೆ ಒಂದೇ ಮಾತು ಹೇಳಿದ: 'ನನ್ನ ಕೈ ಕಟ್ಟಿಹಾಕಿರೋ ಹೊತ್ತಲ್ಲಿ ಬೀಳ್ಬೇಡ ಕಣವ್ವ.'

(ಇಲ್ಲೊಂದು ಮಾತು ಹೇಳಿಬಿಡುತ್ತೇನೆ, ನಿಮ್ಮ ತರಗತಿಯಲ್ಲೂ ನನ್ನಂಥವರು ಇರಬಹುದು. ಇನ್ಸುಲಿನ್ ತೆಗೆದುಕೊಳ್ಳುವವರು ಬೆವರಿ, ನಡುಗಿ, ತೊದಲತೊಡಗಿದರೆ ಸಕ್ಕರೆ 70ಕ್ಕಿಂತ ಇಳಿದಿದೆ ಎಂದೇ ತಿಳಿಯಿರಿ. ಮೂರು ಚಮಚ ಸಕ್ಕರೆ ಅಥವಾ ಗ್ಲುಕೋಸ್ ಪುಡಿ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಉಸಿರಿಗೆ ಸಿಕ್ಕಿಕೊಳ್ಳುತ್ತದೆ. ಆಸ್ಪತ್ರೆಗೆ ಓಡಿ.)

ಆ ರಾತ್ರಿ ಅಮ್ಮ ನಮ್ಮಿಬ್ಬರನ್ನೂ ಎದುರು ಕೂರಿಸಿಕೊಂಡಳು. ಅಲ್ಲಿಯವರೆಗೆ ನಾವು ಅವಳಿಗೆ ಯಾವ ಸಂಖ್ಯೆಯನ್ನೂ ಹೇಳುತ್ತಿರಲಿಲ್ಲ. ಅವಳಿಗೆ ಅರ್ಥವಾಗುವುದಿಲ್ಲ ಎಂದು ನಾವೇ ತೀರ್ಮಾನಿಸಿದ್ದೆವು. ದಿನಾ ಇಡೀ ಶಾಲೆಯ ಮಕ್ಕಳಿಗೆ ಅಕ್ಕಿ ಬೇಳೆಯನ್ನು ತಲೆಲೆಕ್ಕದಲ್ಲೇ ಅಳೆಯುವವಳಿಗೆ! 'ಒಂದು ಪುಸ್ತಕ ತಾ' ಅಂದಳು. ನನ್ನ ಹಳೆಯ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಹಿಂದಿನಿಂದ ಶುರು ಮಾಡಿದೆವು. ಎಡಗಡೆ ಅಪ್ಪ: ತೂಕ, ಬಿ.ಪಿ., ಎಷ್ಟು ನೀರು. ಬಲಗಡೆ ನಾನು: ಸಕ್ಕರೆ ನಾಲ್ಕು ಸಲ, ಇನ್ಸುಲಿನ್ ಎಷ್ಟು. ನಿಯಮ ಅಮ್ಮನದು. ನನ್ನದನ್ನು ಅಪ್ಪ ಓದಬೇಕು, ಅಪ್ಪನದನ್ನು ನಾನು ಓದಬೇಕು, ಅವಳು ಬರೆಯುತ್ತಾಳೆ.

ಸರದಿಯೂ ಬದಲಾಯಿತು. ಮೂರು ದಿನವೂ ನಾನೇ ಹೋಗಬೇಕೆಂದು ಯಾರೂ ಹೇಳಿರಲಿಲ್ಲ, ನಾನೇ ಅಂದುಕೊಂಡಿದ್ದೆ. ಮಂಗಳವಾರ ಅಮ್ಮನ ಬದಲು ಇನ್ನೊಬ್ಬ ಅಡುಗೆಯವರು ನೋಡಿಕೊಳ್ಳಲು ಒಪ್ಪಿದರು, ಅಮ್ಮ ಹೋಗುತ್ತಾಳೆ. ಗುರುವಾರ ದೊಡ್ಡಪ್ಪನ ಮಗ. ಶನಿವಾರ ನಾನು. ದೊಡ್ಡಪ್ಪನ ಮಗನಿಗೆ ಇಂಥದ್ದೆಲ್ಲ ಆಗುವುದಿಲ್ಲ ಎಂದು ನಾವು ಅವನನ್ನು ಕೇಳಿಯೇ ಇರಲಿಲ್ಲ. ಕೇಳಿದಾಗ, 'ನೀವೇ ಯಾರೂ ಕರೀಲಿಲ್ವಲ್ಲ' ಅಂದ.

ಕಾಲೇಜಿನಲ್ಲಿ ಎರಡು ವಿಷಯಗಳ ಹಾಜರಿ 68ಕ್ಕೆ ಬಂದಿತ್ತು. ವಿಟಿಯು ನಿಯಮದಂತೆ ಶೇ 85 ಬೇಕು, ವೈದ್ಯಕೀಯ ಕಾರಣವಿದ್ದರೆ ಸ್ವಲ್ಪ ಮನ್ನಾ ಸಿಗಬಹುದು. ಅಪ್ಪನ ಫೈಲು ಹಿಡಿದುಕೊಂಡು ವಿಭಾಗದ ಮುಖ್ಯಸ್ಥರ ಕೋಣೆಗೆ ಹೋದೆ. ಅವರು ತಿರುವಿ ನೋಡಿ, 'ಇದು ನಿಮ್ಮ ತಂದೆಯದು. ನಿಮ್ಮದೇನಾದರೂ ಇದೆಯೇ?' ಎಂದು ಕೇಳಿದರು. ಬ್ಯಾಗಿನ ತಳದಲ್ಲಿದ್ದ ನನ್ನ ಫೈಲನ್ನು ತೆಗೆಯಲು ನನಗೆ ಎಷ್ಟು ಹೊತ್ತು ಬೇಕಾಯಿತೋ ಗೊತ್ತಿಲ್ಲ. ಹೊರಗೆ ಬಂದು ಪಕ್ಕದ ಬೆಂಚಿನವಳಿಗೂ ಹೇಳಿದೆ. ಮೊದಲು ಅತ್ತಳು, ಆಮೇಲೆ ಬೈದಳು. ಈಗ ಅವಳ ಪರ್ಸಿನಲ್ಲಿ ಸದಾ ಒಂದು ಗ್ಲುಕೋಸ್ ಪೊಟ್ಟಣವಿರುತ್ತದೆ. ನಾಲ್ಕು ಸಲ ಅವಳೇ ತಿಂದು ಖಾಲಿ ಮಾಡಿದ್ದಾಳೆ. ಹಾಜರಿಯನ್ನು ಉಳಿದ ವಾರಗಳಲ್ಲಿ ಎಳೆದು ತಂದು, ಅಂಚಿನಲ್ಲಿ ಪಾರಾದೆ. ಒಂದು ವಿಷಯ ಬ್ಯಾಕ್ ಉಳಿದಿದೆ. ಸಂದರ್ಶನಗಳಲ್ಲಿ ಹೇಳಬೇಕೋ ಬೇಡವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಹೇಳಿಬಿಡು ಎನ್ನುವಷ್ಟು ಧೈರ್ಯ ಬೇರೆಯವರಿಗೆ ಇರುತ್ತದೆ, ಕೆಲಸ ಬೇಕಾಗಿರುವುದು ನನಗೆ.

'ಮಗಳಿದ್ದಾಳಲ್ಲ, ಒಂದು ಕಿಡ್ನಿ ಕೊಡಬಹುದಲ್ಲ?' ಮದುವೆ ಮನೆಯಲ್ಲಿ, ತಿಥಿ ಮನೆಯಲ್ಲಿ, ಬಸ್ಸಿನಲ್ಲಿ ಈ ಮಾತು ಕೇಳಿದ್ದೇನೆ. 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ತಂದೆತಾಯಿ, ಮಕ್ಕಳು, ಒಡಹುಟ್ಟಿದವರು, ಗಂಡ ಹೆಂಡತಿ ಹತ್ತಿರದ ಸಂಬಂಧಿಗಳಾಗಿ ಕೊಡಬಹುದು. ಆದರೆ ಟೈಪ್ 1 ಇರುವವಳ ಮೂತ್ರಪಿಂಡವನ್ನು ಯಾವ ಡಾಕ್ಟರೂ ತೆಗೆಯುವುದಿಲ್ಲ. ನಾಳೆ ನನಗೇ ಬೇಕಾಗಬಹುದಾದದ್ದು ಅದು. ಅಮ್ಮನ ರಕ್ತದ ಗುಂಪು ಹೊಂದಲಿಲ್ಲ, ಜೊತೆಗೆ ಬಿ.ಪಿ. ಬೇರೆ. ಮೆದುಳು ನಿಷ್ಕ್ರಿಯಗೊಂಡವರ ಅಂಗಗಳನ್ನು ಹಂಚುವ ರಾಜ್ಯದ 'ಜೀವಸಾರ್ಥಕತೆ'ಯಲ್ಲಿ ಅಪ್ಪನ ಹೆಸರು ನೋಂದಾಯಿಸಿದ್ದೇವೆ. ಬೆಂಗಳೂರಿನಿಂದ ಫೋನ್ ಬರಬಹುದೆಂದು ಅಪ್ಪ ಮೊಬೈಲನ್ನು ಸೈಲೆಂಟಿಗೆ ಹಾಕುವುದಿಲ್ಲ. ದಿನಕ್ಕೆ ಹತ್ತು ಸಲ ಸಾಲ ಕೊಡುತ್ತೇವೆಂದು ಕರೆ ಮಾಡುವವರು ಅದರ ಲಾಭ ಪಡೆಯುತ್ತಾರೆ.

ಟೈಪ್ 1 ಬಂದು ಐದು ವರ್ಷವಾದವರು ವರ್ಷಕ್ಕೊಮ್ಮೆ ಮೂತ್ರದಲ್ಲಿ ಆಲ್ಬುಮಿನ್ ಎಷ್ಟು ಸೋರುತ್ತಿದೆ ಎಂದು ನೋಡಿಸಬೇಕು. ಮೂತ್ರಪಿಂಡ ದಣಿಯತೊಡಗಿದರೆ ಮೊದಲು ಗೊತ್ತಾಗುವುದು ಅಲ್ಲಿ, ನೋವು ಊತ ಏನೂ ಇಲ್ಲದ ಕಾಲದಲ್ಲೇ. ನಾನು ಎರಡು ವರ್ಷ ಮಾಡಿಸಿರಲಿಲ್ಲ. ಖರ್ಚು ನೆಪ. ನಿಜವಾಗಿ ಆ ಕಾಗದ ನೋಡುವ ಹೆದರಿಕೆ. ಕಳೆದ ತಿಂಗಳು ಮಾಡಿಸಿದೆ. 30ಕ್ಕಿಂತ ಕಡಿಮೆ ಇರಬೇಕಾದದ್ದು 41 ಬಂತು.

ಡಾಕ್ಟರು ಸಮಾಧಾನದಿಂದ ವಿವರಿಸಿದರು. ಒಂದೇ ಪರೀಕ್ಷೆಯಿಂದ ಏನನ್ನೂ ತೀರ್ಮಾನಿಸುವುದಿಲ್ಲ. ಸಕ್ಕರೆ ತುಂಬಾ ಏರಿದ್ದರೆ, ಜ್ವರವಿದ್ದರೆ, ಹೆಚ್ಚು ಓಡಾಡಿದ್ದರೂ ಇಷ್ಟು ತೋರಿಸಬಹುದು. ಮೂರರಿಂದ ಆರು ತಿಂಗಳೊಳಗೆ ಮತ್ತೆರಡು ಸಲ ನೋಡಬೇಕು. ಹೆಚ್ಚೇ ಇದ್ದರೂ ಈ ಹಂತದಲ್ಲಿ ಮಾತ್ರೆಯಿದೆ, ಸಕ್ಕರೆ ಹತೋಟಿಗೆ ಬಂದರೆ ತಡೆಯಬಹುದು. ನನ್ನ ಎಚ್‌ಬಿಎ1ಸಿ ಈಗ 8.1ಕ್ಕೆ ಇಳಿದಿರುವುದನ್ನು ತೋರಿಸಿ, 'ದಾರಿ ಸರಿಯಿದೆ' ಅಂದರು.

ಆದರೂ ಆ ಕಾಗದವನ್ನು ನಾಲ್ಕು ದಿನ ಕಂಟ್ರೋಲ್ ಸಿಸ್ಟಮ್ಸ್ ಪುಸ್ತಕದೊಳಗೆ ಬಚ್ಚಿಟ್ಟೆ. ಅಪ್ಪನಿಗೆ ಹೇಗೆ ಹೇಳುವುದು? ನಿಂಬೆಹಣ್ಣಿಗೆ ಚುಚ್ಚಿ ಕಲಿತವನಿಗೆ, ತನ್ನ ಮಾತ್ರೆ ಬಿಟ್ಟು ನನ್ನ ಪಟ್ಟಿ ತಂದವನಿಗೆ? ಐದನೆಯ ಬೆಳಿಗ್ಗೆ ಅಮ್ಮ ನೋಟ್‌ಬುಕ್ ತೆರೆದು, 'ನಿಂದು ಹೇಳು' ಅಂದಾಗ ಸಕ್ಕರೆ ಹೇಳಿ, ಆಮೇಲೆ ಆ ಕಾಗದವನ್ನೂ ತೆಗೆದು ಮುಂದಿಟ್ಟೆ.

ಅಪ್ಪ ಕನ್ನಡಕ ಹಾಕಿಕೊಂಡು ಓದಿದ. ಆಲ್ಬುಮಿನ್, ಕ್ರಿಯಾಟಿನಿನ್ ಎಂಬ ಮಾತುಗಳು ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಬಹಳ ಹೊತ್ತು ಆ ಕಾಗದವನ್ನು ಕೈಯಲ್ಲೇ ಹಿಡಿದಿದ್ದ. ಅಮ್ಮ ಪೆನ್ನಿನ ಕ್ಯಾಪು ತೆಗೆದು ಕಾಯುತ್ತಿದ್ದಳು. ಕೊನೆಗೆ ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋದ. ಅದರಲ್ಲಿ ಅವನ ಮಂಗಳವಾರ, ಗುರುವಾರ, ಶನಿವಾರಗಳಿಗೆಲ್ಲ ಕೆಂಪು ಸುತ್ತು ಹಾಕಿದೆ.

'ಎರಡನೇ ಪರೀಕ್ಷೆ ಯಾವತ್ತು?'

ಹೇಳಿದೆ. ಪುಟ ತಿರುವಿ, ಆ ದಿನಕ್ಕೆ ನೀಲಿ ಪೆನ್ನಿನಲ್ಲಿ ಒಂದು ಸುತ್ತು ಹಾಕಿದ. ಅದು ಶನಿವಾರವಾಗಿತ್ತು, ಕೆಂಪು ಸುತ್ತು ಆಗಲೇ ಇತ್ತು. 'ಇಬ್ಬರದೂ ಒಂದೇ ದಿನ ಆಯ್ತಲ್ಲ, ಬಸ್ ಚಾರ್ಜ್ ಉಳೀತು' ಅಂದ. ಆಮೇಲೆ ಅಮ್ಮನ ಕಡೆ ತಿರುಗಿ, ಸ್ಟೀಲ್ ಬಾಟಲಿ ತೋರಿಸುತ್ತಾ, 'ನಿನ್ನೆ ಎರಡು ಲೋಟ ಜಾಸ್ತಿ ಕುಡಿದಿದೀನಿ, ಅದನ್ನೂ ಬರ್ಕೋ' ಅಂದ.